ಮರವಜ್ರದಿಂದ ರಾಳದ ಅಂಟಿನವರೆಗೆ

ಕನ್ನಡದಲ್ಲಿ ಅಂಟು ಎಂಬ ಮಾತಿಗೂ ನಂಟು ಎಂಬ ಮಾತಿಗೂ ಬಿಡದ ಜೋಡಿಯುಂಟು. ಎರಡು ಬೇರೆ ಬೇರೆ ವಸ್ತುಗಳನ್ನು ಒಂದಾಗಿಸಿ, ಮತ್ತೆ ಬೇರ್ಪಡದಂತೆ ಹಿಡಿದಿಡುವುದು ಅಂಟಿನ ಧರ್ಮ. ಈ ಧರ್ಮವನ್ನು ಚೆನ್ನಾಗಿ ನಡೆಸುವ ಪದಾರ್ಥಕ್ಕೆ ನಮ್ಮ ಬಡಗಿಗಳು ಇಟ್ಟ ಹೆಸರು ಮರವಜ್ರ. ರತ್ನಗಳಲ್ಲಿ ಕಠಿನತಮವಾದ ವಜ್ರದ ಹೆಸರನ್ನು ಚರ್ಮದ ಚೂರುಗಳನ್ನು ಬೇಯಿಸಿ ತೆಗೆದ ಅಂಟಿಗೆ ಕೊಟ್ಟಿರುವುದನ್ನು ನೋಡಿದರೆ, ಹಿಂದಿನವರು ಆ ವಸ್ತುವಿನಿಂದ ಏನನ್ನು ನಿರೀಕ್ಷಿಸುತ್ತಿದ್ದರೆಂಬುದು ತಾನಾಗಿ ತಿಳಿಯುತ್ತದೆ.

ಆದರೆ ಅಂಟಿನಿಂದ ಮನುಷ್ಯನು ನಿರೀಕ್ಷಿಸುವುದು ಗಟ್ಟಿತನವೊಂದನ್ನೇ ಅಲ್ಲ. ಡಬ್ಬಿಯಲ್ಲಿರುವಷ್ಟು ಕಾಲವೂ ಅದು ಹಾಗೆಯೇ ತಿಳಿಯಾಗಿ, ಕೆಡದೆ, ಕಟ್ಟಿಕೊಳ್ಳದೆ ಇರಬೇಕು. ಮರದ ಮೇಲೆ ಹಚ್ಚಿದ ಮರುಗಳಿಗೆಯಲ್ಲಿ ಬೇಗನೆ ಬಿಗಿದುಕೊಳ್ಳಬೇಕು. ಮೊದಲನೆಯದನ್ನು ತಾಳಿಕೆ ಎಂದೂ ಎರಡನೆಯದನ್ನು ಬಿಗಿತದ ವೇಗ ಎಂದೂ ಕರೆಯಬಹುದು. ಈ ಎರಡು ಗುಣಗಳೂ ಒಂದಕ್ಕೊಂದು ವಿರೋಧಿಗಳು. ಬೇಗ ಬಿಗಿಯುವ ಸ್ವಭಾವವುಳ್ಳ ಅಂಟು ಡಬ್ಬಿಯಲ್ಲಿಯೇ ಬಿಗಿದುಕೊಳ್ಳುತ್ತದೆ. ಡಬ್ಬಿಯಲ್ಲಿ ಬಹುಕಾಲ ತಾಳುವ ಅಂಟು ಮರದ ಮೇಲೆಯೂ ಸೋಮಾರಿಯಾಗಿಯೇ ಉಳಿಯುತ್ತದೆ. ಇವುಗಳನ್ನು ಒಂದೇ ಪಾತ್ರೆಯಲ್ಲಿ ಹೊಂದಿಸುವುದು ಹೇಗೆಂಬುದೇ ಅಂಟಿನ ಕೈಗಾರಿಕೆಯ ಮುಖ್ಯ ಸಮಸ್ಯೆ. ಹುಣಸೂರು ಸೀಮೆಯಂತಹ ಮರದ ನಾಡಿನಲ್ಲಿ ಇದು ಪುಸ್ತಕದ ಪ್ರಶ್ನೆಯಲ್ಲ. ಅನೇಕ ಮನೆಗಳ ಅನ್ನದ ಪ್ರಶ್ನೆ.

ಹಳಬರ ಉಪಾಯ

ವರಾಹಮಿಹಿರನು ಕ್ರಿಸ್ತಶಕ 6ನೆಯ ಶತಮಾನದಲ್ಲಿ ರಚಿಸಿದ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆಂದೇ ಒಂದು ಅಧ್ಯಾಯವಿದೆ. ಬೇಲದ ಎಳೆಗಾಯಿ, ಬೂರುಗದ ಹೂವು ಮೊದಲಾದುವನ್ನು ಒಂದು ದ್ರೋಣ ನೀರಿನಲ್ಲಿ ಕುದಿಸಿ, ಎಂಟನೆಯ ಒಂದು ಭಾಗಕ್ಕೆ ಇಳಿಸಿ, ಆ ಕಷಾಯಕ್ಕೆ ಗುಗ್ಗುಳ, ಸರ್ಜರಸ, ಅಗಸೆ, ಬಿಲ್ವ ಮೊದಲಾದುವನ್ನು ಅರೆದು ಕೂಡಿಸಬೇಕೆಂಬುದು ಅಲ್ಲಿಯ ಒಂದು ವಿಧಾನ. ಕೊಂಬು, ಕೂದಲು, ಚರ್ಮಗಳನ್ನು ಬಳಸುವ ಇನ್ನೊಂದು ವಿಧಾನವೂ ಅಲ್ಲಿಯೇ ಇದೆ. ದೇವಾಲಯದ ಗೋಡೆ, ಪ್ರತಿಮೆ, ಲಿಂಗ, ಬಾವಿಗಳಿಗೆ ಬಳಿಯುವ ಈ ಲೇಪವು ಕೋಟಿ ವರ್ಷ ಬಾಳುವುದೆಂದು ಗ್ರಂಥಕಾರನು ಹೇಳುತ್ತಾನೆ. ಕೋಟಿಯ ಮಾತು ಉತ್ಪ್ರೇಕ್ಷೆಯಾಗಿರಬಹುದು. ಆದರೆ ಲೇಪವನ್ನು ಬಿಸಿಯಾಗಿರುವಾಗಲೇ ಹಚ್ಚಬೇಕೆಂಬ ಅವನ ವಿಧಿ ಉತ್ಪ್ರೇಕ್ಷೆಯಲ್ಲ. ಶಾಖದಲ್ಲಿ ಹರಿಯುವುದು, ತಣಿದಾಗ ಹಿಡಿಯುವುದು ಎಂಬ ಎರಡು ಸ್ಥಿತಿಗಳ ಭೇದವನ್ನು ಅವನು ಅರಿತಿದ್ದನು.

ಬಡಗಿಯ ಮರವಜ್ರದ ಗುಟ್ಟೂ ಇದೇ. ಚರ್ಮ, ಮೂಳೆಗಳನ್ನು ಬೇಯಿಸಿ ತೆಗೆದ ಸಾರವನ್ನು ಹಲ್ಲೆಗಳಾಗಿ ಒಣಗಿಸಿ ಇಟ್ಟರೆ ಅದು ವರ್ಷಗಟ್ಟಲೆ ಕೆಡುವುದಿಲ್ಲ. ಬೇಕಾದಾಗ ಅಷ್ಟನ್ನೇ ಮುರಿದು, ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯನ್ನಿರಿಸಿ ಹದವಾಗಿ ಕಾಯಿಸುತ್ತಾರೆ. ನೇರವಾಗಿ ಕುದಿಸಿದರೆ ಅದರ ಸತ್ತ್ವ ಹೋಗುತ್ತದೆ. ಕಾಯಿಸಿದ ಮೇಲೆ ಉಳಿದದ್ದು ಎರಡು ಮೂರು ದಿನಗಳಲ್ಲಿ ಕೊಳೆತು ನಾರುತ್ತದೆ. ಇಲ್ಲಿ ತಾಳಿಕೆಯನ್ನು ಕೊಡುವುದು ಒಣಗು. ವೇಗವನ್ನು ಕೊಡುವುದು ನೀರೂ ಶಾಖವೂ. ಎರಡನ್ನೂ ಬೇರೆ ಬೇರೆಯಾಗಿಟ್ಟು, ಕೆಲಸದ ಹೊತ್ತಿಗೆ ಮಾತ್ರ ಕೂಡಿಸಿದುದೇ ಹಳಬರ ಉಪಾಯ. ಮೈಸೂರಿನ ಬೀಟೆಮರದ ಕುಸುರಿ ಕೆಲಸ, ಸಾಂಪ್ರದಾಯಿಕ ಚಿತ್ರಕಲೆ ಇವೆಲ್ಲ ಈ ಬಗೆಯ ಅಂಟುಗಳನ್ನೇ ನಂಬಿ ಬೆಳೆದುವು. 1972ರಲ್ಲಿ ಗುರುಪುರದ ಪಕ್ಕದಲ್ಲಿ ನೆಲೆಗೊಂಡ ರಬ್‍ಗ್ಯೇಲಿಂಗ್ ಶಿಬಿರದ ತಿಬೇಟಿಯರ ತಂಕಾ ಚಿತ್ರಪರಂಪರೆಯಲ್ಲಿಯೂ, ಬಟ್ಟೆಯನ್ನು ಹದಗೊಳಿಸುವುದಕ್ಕೂ ಬಣ್ಣವನ್ನು ಹಿಡಿದಿಡುವುದಕ್ಕೂ ಚರ್ಮದ ಅಂಟೇ ಆಧಾರ. ದೇಶ ಬೇರೆ, ಭಾಷೆ ಬೇರೆ, ಉಪಾಯ ಒಂದೇ.

ಆದರೆ ಮರವಜ್ರಕ್ಕೆ ಒಂದು ದೊಡ್ಡ ಕೊರತೆಯುಂಟು. ಯಾವ ನೀರಿನಿಂದ ಅದು ಎಚ್ಚತ್ತಿತೋ ಅದೇ ನೀರಿನಿಂದ ಮತ್ತೆ ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಗೋಡೆಯ ತೇವವನ್ನು ಹೀರಿದ ಪೀಠೋಪಕರಣದ ಕೀಲುಗಳು ಸಡಿಲವಾಗುವುದು ಇದರಿಂದಲೇ. ಹೋದ ದಾರಿಯಲ್ಲಿ ಹಿಂದಿರುಗಿ ಬರದ ಅಂಟು ಬೇಕೆಂಬ ಬಯಕೆ ಹುಟ್ಟಿದುದು ಸಹಜ.

ಮರದ ಊರು

ಹುಣಸೂರಿಗೂ ಮರಕ್ಕೂ ಇರುವ ಸಂಬಂಧ ಇಂದಿನದಲ್ಲ. 19ನೆಯ ಶತಮಾನದಲ್ಲಿ ಅಮೃತಮಹಲ್ ದನಗಳಿಗೆ ಹೆಸರಾಗಿದ್ದ ಈ ಊರಿನಲ್ಲಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ನೇಯುವ ಕಾರ್ಖಾನೆ ಮತ್ತು ಮರದ ಕೋಠಿ ಇದ್ದುವೆಂಬುದು ಗೆಜೆಟಿಯರುಗಳಲ್ಲಿ ದಾಖಲಾಗಿದೆ. ಒಂದೆಡೆ ನಾಗರಹೊಳೆಯ ಕಾಡು, ಇನ್ನೊಂದೆಡೆ ಕೊಡಗಿನ ಕಾಫಿ ತೋಟಗಳು, ನಡುವೆ ಹುಣಸೂರು. ಆದುದರಿಂದ ದಿಮ್ಮಿಗಳು ಇಲ್ಲಿಗೆ ಬಂದು ಸೇರುವುದು ಸ್ವಾಭಾವಿಕವಾಯಿತು. ಮುಂದೆ ಹುಣಸೂರು ಪ್ಲೈವುಡ್ ವರ್ಕ್ಸ್ ಎಂಬ ಕಾರ್ಖಾನೆಯಿಂದ ಊರಿನ ಹೆಸರು ಪದರಹಲಗೆಯೊಂದಿಗೂ ಸೇರಿಕೊಂಡಿತು.

ಪದರಹಲಗೆ, ಎಂದರೆ ಪ್ಲೈವುಡ್, ತಯಾರಾಗುವ ಕ್ರಮ ಹೀಗಿದೆ. ದಿಮ್ಮಿಯನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತ, ಉದ್ದವಾದ ಅಲಗಿನಿಂದ ತೆಳ್ಳಗೆ ಸುಲಿಯುತ್ತಾರೆ. ಚಾಪೆ ಬಿಚ್ಚಿದಂತೆ ಬಿಚ್ಚಿಕೊಳ್ಳುವ ಈ ಹಾಳೆಯೇ ವಿನೀರ್. ಅದನ್ನು ಒಣಗಿಸಿ, ಅಂಟು ಹಚ್ಚಿ, ಒಂದು ಹಾಳೆಯ ಎಳೆ ಉದ್ದಕ್ಕಿದ್ದರೆ ಮುಂದಿನದರ ಎಳೆ ಅಡ್ಡಕ್ಕಿರುವಂತೆ ಪೇರಿಸಿ, ಬಿಸಿಯಾದ ಉಕ್ಕಿನ ಫಲಕಗಳ ನಡುವೆ ಒತ್ತುತ್ತಾರೆ. ಚದರ ಸೆಂಟಿಮೀಟರಿಗೆ ಸುಮಾರು 10ರಿಂದ 14 ಕಿಲೋಗ್ರಾಂ ಒತ್ತಡ, ಕೆಲವು ನಿಮಿಷಗಳ ಶಾಖ; ಹಲಗೆ ಸಿದ್ಧ. ಮರದ ಬಲ ಎಳೆಯ ಉದ್ದಕ್ಕೆ ಹೆಚ್ಚು, ಅಡ್ಡಕ್ಕೆ ಕಡಿಮೆ. ಅಡ್ಡ ಉದ್ದಗಳನ್ನು ಹೀಗೆ ಕೂಡಿಸಿದುದರಿಂದ ಪದರಹಲಗೆ ಸೀಳುವುದಿಲ್ಲ, ಸೊಟ್ಟಗಾಗುವುದೂ ಕಡಿಮೆ. ಆದರೆ ಈ ಎಲ್ಲ ಗುಣವೂ ಪದರಗಳು ಕೂಡಿರುವವರೆಗೆ ಮಾತ್ರ. ಅಂಟು ಬಿಟ್ಟರೆ ಉಳಿಯುವುದು ತೆಳುಹಾಳೆಗಳ ಕಂತೆ.

ಈ ಪ್ರೆಸ್ಸೇ ಕಾರ್ಖಾನೆಯ ಹೃದಯ. ಅದು ಹಿಡಿಯುವ ಹೊತ್ತನ್ನು ನಿರ್ಧರಿಸುವುದು ಅಂಟು. ಏರಿಸಿ ಇಳಿಸುವ ಹೊತ್ತೂ ಸೇರಿ ಒಂದು ಸರದಿಗೆ 10 ನಿಮಿಷ ಬೇಕಾದರೆ, 8 ಗಂಟೆಯ ಪಾಳಿಯಲ್ಲಿ 48 ಸರದಿಗಳಾಗುತ್ತವೆ. ಅಂಟಿನ ವೇಗವನ್ನು ಹೆಚ್ಚಿಸಿ ಎರಡು ನಿಮಿಷ ಉಳಿಸಿದರೆ 60 ಸರದಿಗಳಾಗುತ್ತವೆ. ಯಂತ್ರ ಅದೇ, ಆಳು ಅಷ್ಟೇ. ಉತ್ಪತ್ತಿಯಲ್ಲಿ ಕಾಲು ಭಾಗ ಹೆಚ್ಚಳ. ಬಿಗಿತದ ವೇಗಕ್ಕೆ ಕಾರ್ಖಾನೆಗಳು ಹಂಬಲಿಸುವುದು ಏಕೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಇತ್ತ ಉಗ್ರಾಣದಲ್ಲಿ ಒಂದು ಡ್ರಮ್ಮು ರಾಳ ಕಟ್ಟಿಕೊಂಡರೆ ಅದನ್ನು ಎಸೆಯದೆ ಗತ್ಯಂತರವಿಲ್ಲ. ಸಣ್ಣ ಕಾರ್ಖಾನೆಗೆ ಅದು ಸಣ್ಣ ನಷ್ಟವಲ್ಲ.

ರಾಳದ ಹುಟ್ಟು

ಅಮೆರಿಕದಲ್ಲಿ ನೆಲೆಸಿದ್ದ ಬೆಲ್ಜಿಯಂ ದೇಶದ ಲಿಯೋ ಬೇಕ್‍ಲೆಂಡ್ ಎಂಬ ವಿಜ್ಞಾನಿ 1907ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಎಂಬ ಎರಡು ದ್ರವ್ಯಗಳನ್ನು ಕೂಡಿಸಿ, ಒಮ್ಮೆ ಬಿಗಿದರೆ ಮತ್ತೆ ಕರಗದ ಕೃತಕ ರಾಳವನ್ನು ಸಾಧಿಸಿದನು. ಬೇಕಲೈಟ್ ಎಂಬ ಹೆಸರಿನಿಂದ ಅದು ಲೋಕಪ್ರಸಿದ್ಧವಾಯಿತು. ಕೆಲವು ವರ್ಷಗಳಲ್ಲಿ ಫೀನಾಲಿನ ಸ್ಥಾನದಲ್ಲಿ ಯೂರಿಯವನ್ನು ಬಳಸಿದ ರಾಳವೂ ಬಂದಿತು. ರೈತನು ಹೊಲಕ್ಕೆ ಎರಚುವ ಯೂರಿಯವೇ ಅದು. ಪದರಹಲಗೆಯ ಕಾರ್ಖಾನೆಗಳಲ್ಲಿ ಇಂದಿಗೂ ಮುಖ್ಯವಾಗಿರುವುದು ಈ ಎರಡು ಕುಲಗಳೇ.

ಯೂರಿಯದ ರಾಳವನ್ನು ಮಾಡುವುದು ಅಡಿಗೆಯಂತೆಯೇ ಹದದ ಕೆಲಸ. ಫಾರ್ಮಾಲ್ಡಿಹೈಡ್ ಅನಿಲವನ್ನು ನೀರಿನಲ್ಲಿ ಕರಗಿಸಿದ ಫಾರ್ಮಲಿನ್ ದ್ರವವನ್ನು ಹಂಡೆಗೆ ಹಾಕಿ, ಅದರ ಹುಳಿಯನ್ನು ಕ್ಷಾರದಿಂದ ತೆಗೆದು, ಯೂರಿಯವನ್ನು ಸೇರಿಸಿ, ಸುಮಾರು 90 ಡಿಗ್ರಿ ಸೆಲ್ಸಿಯಸ್‍ವರೆಗೆ ಕಾಯಿಸುತ್ತಾರೆ. ಆಗ ಯೂರಿಯದ ಅಣುವಿಗೆ ಫಾರ್ಮಾಲ್ಡಿಹೈಡಿನಿಂದ ಕೈಗಳು ಮೂಡುತ್ತವೆ. ಬಳಿಕ ಸ್ವಲ್ಪ ಆಮ್ಲವನ್ನು ಹಾಕಿದರೆ ಆ ಕೈಗಳು ಒಂದನ್ನೊಂದು ಹಿಡಿದು, ಹಿಡಿದಲ್ಲೆಲ್ಲ ನೀರಿನ ಅಣುವೊಂದನ್ನು ಬಿಟ್ಟುಕೊಡುತ್ತ, ಸರಪಳಿಯಾಗಿ ಬೆಳೆಯುತ್ತವೆ. ದ್ರವ ಮಂದವಾಗುತ್ತ ಬರುತ್ತದೆ. ಅಡಿಯಲ್ಲಿ ರಂಧ್ರವಿರುವ ಬಟ್ಟಲಿನಲ್ಲಿ ದ್ರವವನ್ನು ತುಂಬಿ, ಅದು ಎಷ್ಟು ಸೆಕೆಂಡಿನಲ್ಲಿ ಬರಿದಾಗುವುದೆಂದು ಎಣಿಸಿ ಹದವನ್ನು ತಿಳಿಯುತ್ತಾರೆ. ಹದ ಬಂದ ಕ್ಷಣದಲ್ಲಿ ಕ್ಷಾರವನ್ನು ಹಾಕಿ, ತಣಿಸಿ, ಕ್ರಿಯೆಯನ್ನು ತಡೆಯಬೇಕು. ಒಂದು ಗಳಿಗೆ ತಡವಾದರೆ ಹಂಡೆಯೇ ಕಲ್ಲಾಗುವುದುಂಟು.

ಹೀಗೆ ಅರ್ಧ ದಾರಿಯಲ್ಲಿ ನಿಲ್ಲಿಸಿದ ಕ್ರಿಯೆಯೇ ಅಂಟು. ಇದನ್ನು ಗ್ರಹಿಸಿದರೆ ಉಳಿದುದೆಲ್ಲವೂ ಸುಲಭವಾಗಿ ತಿಳಿಯುತ್ತದೆ. ಡ್ರಮ್ಮಿನಲ್ಲಿರುವ ರಾಳ ಪೂರ್ಣವಾದ ವಸ್ತುವಲ್ಲ, ದಾರಿಯಲ್ಲಿ ತಂಗಿರುವ ಪಯಣಿಗ. ಉಳಿದ ಅರ್ಧ ದಾರಿಯನ್ನು ಅದು ಪ್ರೆಸ್ಸಿನಲ್ಲಿ ನಡೆಯಬೇಕು, ಉಗ್ರಾಣದಲ್ಲಿ ನಡೆಯಬಾರದು.

ತಂಗಿದವನು ಏಕೆ ನಡೆಯುತ್ತಾನೆ?

ಉಗ್ರಾಣದಲ್ಲಿ ರಾಳ ಕೆಡುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳು: ಶಾಖ ಮತ್ತು ಹುಳಿ.

ರಾಸಾಯನಿಕ ಕ್ರಿಯೆಗಳ ವೇಗ ಶಾಖದೊಡನೆ ಏರುತ್ತದೆ. 10 ಡಿಗ್ರಿ ಏರಿದರೆ ವೇಗ ಹೆಚ್ಚುಕಡಮೆ ಇಮ್ಮಡಿಯಾಗುವುದೆಂಬುದು ರಸಾಯನಶಾಸ್ತ್ರದ ಸ್ಥೂಲ ನಿಯಮ. 20 ಡಿಗ್ರಿಯಲ್ಲಿ 60 ದಿನ ತಾಳುವ ರಾಳವೊಂದಿದೆ ಎಂದಿಟ್ಟುಕೊಂಡರೆ, ಅದು 30 ಡಿಗ್ರಿಯಲ್ಲಿ 30 ದಿನ, 40 ಡಿಗ್ರಿಯಲ್ಲಿ 15 ದಿನ ಮಾತ್ರ ತಾಳೀತು. ಚೈತ್ರ ವೈಶಾಖಗಳಲ್ಲಿ ತಗಡಿನ ಮಾಡಿನ ಕೆಳಗೆ ಇಟ್ಟ ಡ್ರಮ್ಮಿಗೂ, ಹೆಂಚಿನ ನೆರಳಿನಲ್ಲಿ ಗಾಳಿಯಾಡುವ ಕಡೆ ಇಟ್ಟ ಡ್ರಮ್ಮಿಗೂ ಇರುವ ಅಂತರ ಇಷ್ಟು ದೊಡ್ಡದು. ಹುಣಸೂರು, ಪಿರಿಯಾಪಟ್ಟಣಗಳ ಹವೆ ಬಯಲುಸೀಮೆಗಿಂತ ತಂಪಾದುದರಿಂದ ಈ ಸೀಮೆಗೆ ಸ್ವಲ್ಪ ಅನುಕೂಲವುಂಟು. ಆದರೆ ಬಿಸಿಲಿಗೆ ಮೈಯೊಡ್ಡಿದ ಡ್ರಮ್ಮಿಗೆ ಊರಿನ ತಂಪು ಸಹಾಯಮಾಡದು.

ಎರಡನೆಯ ಕಾರಣ ಹೆಚ್ಚು ಸೂಕ್ಷ್ಮವಾದುದು. ಯೂರಿಯದ ರಾಳವನ್ನು ಸ್ವಲ್ಪ ಕ್ಷಾರದ ಕಡೆಗೆ, ಎಂದರೆ ಪಿ.ಎಚ್. ಮಾನದಲ್ಲಿ 7.5ರಿಂದ 8.5ರ ಆಸುಪಾಸಿನಲ್ಲಿ ಇಟ್ಟರೆ ಅದು ಶಾಂತವಾಗಿರುತ್ತದೆ. ಹುಳಿಯ ಕಡೆಗೆ ವಾಲಿದರೆ ಸರಪಳಿಗಳು ಮತ್ತೆ ಬೆಳೆಯತೊಡಗುತ್ತವೆ. ರಾಳದಲ್ಲಿ ಉಳಿದಿರುವ ಬಿಡಿ ಫಾರ್ಮಾಲ್ಡಿಹೈಡ್ ಕಾಲಕ್ರಮದಲ್ಲಿ ತಾನೇ ಬದಲಾಗಿ ಫಾರ್ಮಿಕ್ ಆಮ್ಲವನ್ನು ಹುಟ್ಟಿಸುತ್ತದೆ. ಇರುವೆಯ ಕಡಿತದಲ್ಲಿ ಉರಿಯುಂಟುಮಾಡುವ ಆಮ್ಲವೇ ಅದು. ಹೀಗೆ ರಾಳ ತನ್ನ ಶತ್ರುವನ್ನು ತನ್ನ ಹೊಟ್ಟೆಯಲ್ಲಿಯೇ ಬೆಳೆಸುತ್ತದೆ. ದಿನದಿನಕ್ಕೆ ಹುಳಿ ಏರಿ, ಒಂದು ಮಟ್ಟವನ್ನು ದಾಟಿದ ಮೇಲೆ ಡ್ರಮ್ಮು ಬಹು ಬೇಗನೆ ಕಟ್ಟಿಕೊಳ್ಳುತ್ತದೆ.

ರೋಗ ತಿಳಿದ ಮೇಲೆ ಚಿಕಿತ್ಸೆಯೂ ತಿಳಿದಂತೆಯೇ. ಬೊರಾಕ್ಸಿನಂತಹ, ಎಂದರೆ ಬಿಳಿಗಾರದಂತಹ, ಹುಳಿಯನ್ನು ಹೀರಿಕೊಂಡು ಮಟ್ಟವನ್ನು ಕಾಯುವ ಲವಣವನ್ನು ಮೊದಲೇ ಸ್ವಲ್ಪ ಸೇರಿಸುವುದುಂಟು. ತಯಾರಿಕೆಯ ಕೊನೆಯಲ್ಲಿ ಇನ್ನೊಂದು ಪಾಲು ಯೂರಿಯವನ್ನು ಹಾಕಿದರೆ ಅದು ಬಿಡಿ ಫಾರ್ಮಾಲ್ಡಿಹೈಡನ್ನು ಹಿಡಿದುಕೊಳ್ಳುತ್ತದೆ. ಕಾಲಕಾಲಕ್ಕೆ ಪಿ.ಎಚ್. ನೋಡಿ, ಇಳಿದಿದ್ದರೆ ತುಸು ಕ್ಷಾರವನ್ನು ಕೂಡಿಸಬೇಕು. ಮೊದಲು ಬಂದ ಡ್ರಮ್ಮನ್ನು ಮೊದಲು ಖರ್ಚುಮಾಡಬೇಕು. ಹಳೆಯ ರಾಳದ ಶೇಷವಿರುವ ಪಾತ್ರೆಗೆ ಹೊಸದನ್ನು ಸುರಿಯಬಾರದು. ಹಳೆಯ ಮಜ್ಜಿಗೆ ಹೊಸ ಹಾಲನ್ನು ಹೆಪ್ಪುಗಟ್ಟಿಸುವಂತೆ ಆ ಶೇಷ ಹೊಸ ರಾಳವನ್ನು ಕೆಡಿಸುತ್ತದೆ. ದೂರದ ಊರುಗಳಿಗೆ ಸಾಗಿಸುವುದಾದರೆ ರಾಳವನ್ನು ಬಿಸಿಗಾಳಿಯಲ್ಲಿ ಸಿಂಪಡಿಸಿ ಪುಡಿಮಾಡುತ್ತಾರೆ. ತೇವ ತಾಗದಂತೆ ಇಟ್ಟ ಪುಡಿ ದ್ರವಕ್ಕಿಂತ ಬಹುಪಾಲು ಹೆಚ್ಚು ಕಾಲ ತಾಳುತ್ತದೆ. ಬೇಕಾದಾಗ ನೀರು ಕೂಡಿಸಿಕೊಳ್ಳಬಹುದು. ಇದು ಮರವಜ್ರದ ಹಲ್ಲೆಯ ಉಪಾಯವೇ ಹೊಸ ವೇಷದಲ್ಲಿ ಬಂದುದಲ್ಲದೆ ಬೇರಲ್ಲ.

ಕಲಾಯಿಯವನ ನವಸಾಗರ

ಇನ್ನು ವೇಗದ ವಿಚಾರ. ತಾಳಿಕೆಗಾಗಿ ಹುಳಿಯನ್ನು ದೂರವಿಟ್ಟ ಮೇಲೆ, ಬಿಗಿತಕ್ಕಾಗಿ ಅದನ್ನು ಕರೆತರಬೇಕಷ್ಟೆ. ಆದರೆ ನೇರವಾಗಿ ಆಮ್ಲವನ್ನು ಸುರಿದರೆ, ಅಂಟು ಹಚ್ಚುವ ಮೊದಲೇ ಬಕೇಟಿನಲ್ಲಿ ಗಟ್ಟಿಯಾಗುತ್ತದೆ. ಉಳಿದ ಆಮ್ಲ ಮರದ ಎಳೆಯನ್ನೂ ತಿನ್ನುತ್ತದೆ. ಆದುದರಿಂದ ತಾನು ಆಮ್ಲವಲ್ಲದೆ, ವೇಳೆ ಬಂದಾಗ ಆಮ್ಲವನ್ನು ಬಿಡುವ ದ್ರವ್ಯವೊಂದು ಬೇಕಾಯಿತು. ಅದು ದೊರೆತುದು ಕಲಾಯಿಯವನ ಚೀಲದಲ್ಲಿ. ತಾಮ್ರದ ಪಾತ್ರೆಯನ್ನು ಬೆಳಗಲು ಅವನು ಉಜ್ಜುವ ನವಸಾಗರ, ಎಂದರೆ ಅಮೋನಿಯಂ ಕ್ಲೋರೈಡ್, ಯೂರಿಯದ ರಾಳಕ್ಕೆ ಶ್ರೇಷ್ಠವಾದ ಬಿಗಿಕಾರಕ.

ಇದರ ಕೆಲಸ ಹೀಗೆ. ನವಸಾಗರ ರಾಳದಲ್ಲಿರುವ ಬಿಡಿ ಫಾರ್ಮಾಲ್ಡಿಹೈಡಿನೊಡನೆ ಸೇರಿ ಹೆಕ್ಸಮೀನ್ ಎಂಬ ವಸ್ತುವಾಗುತ್ತದೆ. ಆಗ ಹೈಡ್ರೋಕ್ಲೋರಿಕ್ ಆಮ್ಲ ಬಿಡುಗಡೆಯಾಗುತ್ತದೆ. ತಣ್ಣಗಿರುವಾಗ ಈ ಕ್ರಿಯೆ ಮೆಲ್ಲನೆ ನಡೆಯುತ್ತದೆ. 100 ಡಿಗ್ರಿಯ ಮೇಲೆ ಅತಿ ಶೀಘ್ರವಾಗಿ ನಡೆಯುತ್ತದೆ. ರಾಳದ ತೂಕದ ನೂರಕ್ಕೆ ಸುಮಾರು ಅರ್ಧದಿಂದ ಒಂದು ಭಾಗದಷ್ಟು ನವಸಾಗರವೇ ಸಾಕು. ಕೂಡಿಸಿದ ಮೇಲೆ ಹಚ್ಚುವುದಕ್ಕೆ ಕೆಲವು ಗಂಟೆಗಳ ಬಿಡುವು ಸಿಗುತ್ತದೆ. ಬೇಸಗೆಯಲ್ಲಿ ಈ ಬಿಡುವು ಸಾಲದಾದರೆ ತುಸು ಅಮೋನಿಯ ದ್ರವವನ್ನೋ ಹೆಕ್ಸಮೀನನ್ನೋ ಸೇರಿಸುತ್ತಾರೆ. ಅದು ಮೊದಲು ಹುಟ್ಟುವ ಆಮ್ಲವನ್ನು ನುಂಗಿ ಬಕೇಟಿನಲ್ಲಿ ಬಿಗಿತವನ್ನು ತಡೆಯುತ್ತದೆ, ಪ್ರೆಸ್ಸಿನ ಶಾಖದಲ್ಲಿ ದಾರಿ ಬಿಟ್ಟುಕೊಡುತ್ತದೆ. ಚಳಿಗಾಲದಲ್ಲಿ ಬಿಗಿಕಾರಕವನ್ನು ತುಸು ಹೆಚ್ಚಿಸಿ ತಡೆಕಾರಕವನ್ನು ಕಡಿಮೆಮಾಡುತ್ತಾರೆ. ಋತುವಿಗನುಗುಣವಾಗಿ ಪಥ್ಯವನ್ನು ಬದಲಿಸುವ ವೈದ್ಯನ ರೀತಿ ಇದು.

ಹದವನ್ನು ಪರೀಕ್ಷಿಸುವ ವಿಧಾನವೂ ಸರಳವಾದುದು. ಬಿಗಿಕಾರಕ ಸೇರಿದ ಅಂಟನ್ನು ಗಾಜಿನ ಕೊಳವೆಗೆ ಹಾಕಿ, ಕುದಿಯುವ ನೀರಿನಲ್ಲಿ ಇಳಿಸಿ, ಗಾಜಿನ ಕಡ್ಡಿಯಿಂದ ಕಲಕುತ್ತಿದ್ದರೆ, ಅದು ಥಟ್ಟನೆ ಗಟ್ಟಿಯಾಗುವ ಕ್ಷಣ ಕೈಗೆ ತಿಳಿಯುತ್ತದೆ. ಈ ಹೊತ್ತಿಗೆ ಕಾರ್ಖಾನೆಯವರು ಜೆಲ್ ಟೈಮ್ ಎನ್ನುತ್ತಾರೆ. ಗಡಿಯಾರವೊಂದಿದ್ದರೆ ಯಾವ ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿಯೂ ಅಧ್ಯಾಪಕರು ಎಚ್ಚರಿಕೆಯಿಂದ ಮಾಡಿ ತೋರಿಸಬಹುದಾದ ಪರೀಕ್ಷೆಯಿದು.

ಅಂಟು ತೆಳ್ಳಗಾಗಿ ಮರದೊಳಕ್ಕೆ ಇಂಗಿ ಹೋಗದಿರಲೆಂದು ಮೈದಾಹಿಟ್ಟನ್ನೋ ಹುಣಿಸೆಬೀಜದ ಪುಡಿಯನ್ನೋ ಬೆರೆಸುವ ರೂಢಿಯೂ ನಮ್ಮ ದೇಶದಲ್ಲಿದೆ. ಮಿತದಲ್ಲಿದ್ದರೆ ಇದು ಗುಣ. ರಾಳದ ಬೆಲೆಯನ್ನು ಉಳಿಸುವ ಆಸೆಯಿಂದ ಮಿತಿಮೀರಿದರೆ ದೋಷ. ಹಿಟ್ಟು ತೇವವನ್ನು ಹೀರುತ್ತದೆ, ಬೂಷ್ಟು ಹಿಡಿಯುತ್ತದೆ, ಹಲಗೆಯ ಆಯುಸ್ಸನ್ನು ತಿನ್ನುತ್ತದೆ.

ನೀರಿಗೆ ಅಂಜದ ಅಂಟು

ಯೂರಿಯದ ರಾಳ ಅಗ್ಗ, ಬೆಳ್ಳಗೆ, ಶೀಘ್ರಗಾಮಿ. 105ರಿಂದ 115 ಡಿಗ್ರಿಯ ಶಾಖದಲ್ಲಿ ಕೆಲಸ ಮುಗಿಸುತ್ತದೆ. ಆದರೆ ಬಿಸಿನೀರಿನಲ್ಲಿ ಬಹುಕಾಲ ನಿಲ್ಲದು. ಮಳೆ ಬಿಸಿಲುಗಳನ್ನು ಸಹಿಸಬೇಕಾದ ಹಲಗೆಗೆ ಬೇಕ್‍ಲೆಂಡನ ಕುಲದ ಫೀನಾಲ್ ರಾಳವೇ ಬೇಕು. ಇದರ ಸ್ವಭಾವ ಬೇರೆ. ಪದರಹಲಗೆಗೆ ಬಳಸುವ ಫೀನಾಲ್ ರಾಳ ಕ್ಷಾರದಲ್ಲಿಯೇ ಇದ್ದು, ಶಾಖವೊಂದರಿಂದಲೇ ಬಿಗಿಯುತ್ತದೆ. ಕೆಂಪಗೆ ಕಪ್ಪಗೆ ಇರುವ ಈ ಅಂಟು 135ರಿಂದ 145 ಡಿಗ್ರಿಯವರೆಗಿನ ಶಾಖವನ್ನೂ ಹೆಚ್ಚಿನ ಹೊತ್ತನ್ನೂ ಬೇಡುತ್ತದೆ. ಆದುದರಿಂದ ಸೌದೆ ಹೆಚ್ಚು, ಸರದಿ ಕಡಿಮೆ, ಬೆಲೆ ಅಧಿಕ.

ಇದರ ವೇಗವನ್ನು ಹೆಚ್ಚಿಸಲು ಮೂರು ಮಾರ್ಗಗಳುಂಟು. ಹಂಡೆಯಲ್ಲಿಯೇ ಸರಪಳಿಯನ್ನು ಇನ್ನಷ್ಟು ಉದ್ದ ಬೆಳೆಸಿ, ಪ್ರೆಸ್ಸಿನಲ್ಲಿ ನಡೆಯಬೇಕಾದ ದಾರಿಯನ್ನು ಕಡಿಮೆಮಾಡುವುದು ಒಂದು. ಆದರೆ ಆಗ ತಾಳಿಕೆ ಅಷ್ಟೇ ಕಡಿಮೆಯಾಗುತ್ತದೆ. ರೆಸಾರ್ಸಿನಾಲ್ ಎಂಬ ಚುರುಕಾದ ದ್ರವ್ಯವನ್ನು ಸೇರಿಸುವುದು ಇನ್ನೊಂದು. ಅದರ ಬೆಲೆ ಬಹಳ. ಸೋಡಿಯಂ ಅಥವಾ ಪೊಟ್ಯಾಸಿಯಂ ಕಾರ್ಬೊನೇಟಿನಂತಹ ಲವಣಗಳನ್ನು ಹಚ್ಚುವ ಮುನ್ನ ಕೂಡಿಸುವುದು ಮೂರನೆಯದು. ಮೂರರಲ್ಲಿಯೂ ಕಾಣುವ ಸತ್ಯ ಒಂದೇ: ವೇಗವನ್ನು ರಾಳದೊಳಗೆ ಮೊದಲೇ ತುಂಬಿದರೆ ತಾಳಿಕೆ ಸಾಯುತ್ತದೆ; ಕೊನೆಯ ಗಳಿಗೆಯಲ್ಲಿ ತಂದು ಕೂಡಿಸಿದರೆ ಎರಡೂ ಉಳಿಯುತ್ತವೆ.

ನಮ್ಮ ದೇಶದಲ್ಲಿ ಈ ವಿಷಯದ ಸಂಶೋಧನೆಗೆ ಬೆಂಗಳೂರೇ ನೆಲೆಯಾಯಿತೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. 1962ರಲ್ಲಿ ಪದರಹಲಗೆಯ ಉದ್ಯಮಿಗಳೂ ಕೇಂದ್ರದ ವೈಜ್ಞಾನಿಕ ಸಂಶೋಧನಾ ಪರಿಷತ್ತೂ ಕೂಡಿ ಸ್ಥಾಪಿಸಿದ ಸಂಶೋಧನಾಲಯವು ತುಮಕೂರು ರಸ್ತೆಯಲ್ಲಿ ಬೆಳೆದು, ಮುಂದೆ ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವಾಲಯದ ಆಶ್ರಯಕ್ಕೆ ಬಂದಿತು. ದುಬಾರಿಯಾದ ಫೀನಾಲಿನ ಒಂದು ಪಾಲನ್ನು ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ತುಂಬುವ ಪ್ರಯತ್ನಗಳು ಅಲ್ಲಿ ನಡೆದುವು. ಕರಾವಳಿಯ ಗೇರುಬೀಜದ ಕಾರ್ಖಾನೆಗಳಲ್ಲಿ ಕೈಸುಡುವ ಆ ಎಣ್ಣೆ ಸ್ವಭಾವತಃ ಫೀನಾಲಿನ ಬಂಧುವೇ. ಬಿದಿರಿನ ಚಾಪೆಗಳನ್ನು ಫೀನಾಲ್ ರಾಳದಿಂದ ಕೂಡಿಸಿ ಹಲಗೆಯನ್ನೂ ಮಾಡಿನ ತಗಡನ್ನೂ ಮಾಡುವ ವಿಧಾನವೂ ಆ ಸಂಸ್ಥೆಯ ಕೊಡುಗೆ.

ಅದೇ ತತ್ತ್ವದ ಬೇರೆ ರೂಪಗಳು

ಮರದ ಕಾರ್ಖಾನೆಯನ್ನು ಬಿಟ್ಟು ಅಂಗಡಿಯಲ್ಲಿ ದೊರೆಯುವ ಅಂಟುಗಳನ್ನು ನೋಡಿದರೂ ಇದೇ ತತ್ತ್ವ ಕಾಣುತ್ತದೆ. ಅರಾಲ್ಡೈಟ್ ಎರಡು ಕೊಳವೆಗಳಲ್ಲಿ ಬರುವುದೇಕೆ? ರಾಳವನ್ನೂ ಬಿಗಿಕಾರಕವನ್ನೂ ಕೂಡಿಸಿಟ್ಟರೆ ಅಂಗಡಿಯಲ್ಲಿಯೇ ಕಲ್ಲಾಗುವುದರಿಂದ. ವಾಹನ ಮತ್ತು ವಿಮಾನಗಳ ಕಾರ್ಖಾನೆಗಳಲ್ಲಿ ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟ ಎಪಾಕ್ಸಿ ಅಂಟೂ ಇದೆ. ಅದರ ಬಿಗಿಕಾರಕವಾದ ಡೈಸಯಾಂಡಯಮೈಡ್ ಎಂಬ ಪುಡಿ ತಣ್ಣಗಿರುವಾಗ ರಾಳದಲ್ಲಿ ಕರಗದೆ ನಿದ್ರಿಸುತ್ತಿದ್ದು, ಒಲೆಯ ಶಾಖ ತಗುಲಿದಾಗ ಕರಗಿ ಎಚ್ಚರಗೊಳ್ಳುತ್ತದೆ. ಕ್ಷಣಮಾತ್ರದಲ್ಲಿ ಹಿಡಿಯುವ ಫೆವಿಕ್ವಿಕ್‍ನಂತಹ ಅಂಟಿಗೆ ಬಿಗಿಕಾರಕ ಗಾಳಿಯಲ್ಲಿಯೂ ವಸ್ತುವಿನ ಮೈಮೇಲೆಯೂ ಇರುವ ತೇವ. ಅದಕ್ಕಾಗಿಯೇ ಅದನ್ನು ಒಣಗಿದ ಕೊಳವೆಯಲ್ಲಿ, ಅಣುಮಾತ್ರ ಆಮ್ಲದ ಕಾವಲಿನಲ್ಲಿ ಮುಚ್ಚಿಡುತ್ತಾರೆ. ಯಂತ್ರಗಳ ತಿರುಪುಮೊಳೆ ಸಡಿಲವಾಗದಂತೆ ಹಾಕುವ ಇನ್ನೊಂದು ಅಂಟು ಇದಕ್ಕೆ ತದ್ವಿರುದ್ಧ: ಗಾಳಿಯ ಆಮ್ಲಜನಕವಿರುವವರೆಗೆ ದ್ರವವಾಗಿದ್ದು, ಗಾಳಿ ಹೊಗದ ಲೋಹದ ಸಂದಿನಲ್ಲಿ ಬಿಗಿಯುತ್ತದೆ. ಆದುದರಿಂದ ಅದರ ಸೀಸೆಯನ್ನು ಪೂರ್ತಿ ತುಂಬುವುದಿಲ್ಲ. ಗಾಳಿಗೆ ಜಾಗ ಬಿಟ್ಟಿರುತ್ತಾರೆ. ನೀರು, ಶಾಖ, ಆಮ್ಲ, ಗಾಳಿ ಯಾವುದಾದರೇನು? ಅಂಟನ್ನು ಎಚ್ಚರಿಸುವ ವಸ್ತುವನ್ನು ದಾಸ್ತಾನಿನಲ್ಲಿ ಅದರಿಂದ ದೂರವಿಡುವುದು, ಕೆಲಸದ ಸ್ಥಳದಲ್ಲಿ ಕೂಡಿಸುವುದು, ಇಷ್ಟೇ ಈ ವಿದ್ಯೆಯ ಸಾರ.

ಮೂರನೆಯ ಬೇಡಿಕೆ

ಈ ಎರಡು ಗುಣಗಳ ಜೊತೆಗೆ ಈಚಿನ ದಶಕಗಳಲ್ಲಿ ಮೂರನೆಯ ಬೇಡಿಕೆಯೊಂದು ಬಂದು ಸೇರಿದೆ. ಬಿಡಿ ಫಾರ್ಮಾಲ್ಡಿಹೈಡ್ ಕಣ್ಣು ಮೂಗುಗಳನ್ನು ಉರಿಸುವುದೆಂಬುದನ್ನು ಪ್ರೆಸ್ಸಿನ ಬಳಿ ದುಡಿಯುವವರು ಎಂದಿನಿಂದಲೂ ಬಲ್ಲರು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ದ್ರವ್ಯವೆಂದು ನಿರ್ಣಯಿಸಿತು. ಹಲಗೆಯಿಂದ ಅದು ಸ್ವಲ್ಪಸ್ವಲ್ಪವಾಗಿ ಕೋಣೆಯ ಗಾಳಿಗೆ ಸೇರುವುದರಿಂದ, ರಾಳದಲ್ಲಿ ಅದರ ಪ್ರಮಾಣವನ್ನು ತಗ್ಗಿಸುವುದು ಅನಿವಾರ್ಯವಾಯಿತು. ಹಿಂದೆ ಯೂರಿಯದ ಒಂದು ಅಣುವಿಗೆ ಫಾರ್ಮಾಲ್ಡಿಹೈಡಿನ ಒಂದೂವರೆಯಿಂದ ಎರಡು ಅಣುಗಳನ್ನು ಬಳಸುತ್ತಿದ್ದ ಕಡೆ ಈಗ ಒಂದಕ್ಕಿಂತ ತುಸು ಹೆಚ್ಚಿಗೆ ಇಳಿಸುತ್ತಾರೆ.

ಆದರೆ ಇದರಿಂದ ಹೊಸ ತೊಡಕು. ನವಸಾಗರ ಕೆಲಸಮಾಡಬೇಕಾದರೆ ಬಿಡಿ ಫಾರ್ಮಾಲ್ಡಿಹೈಡ್ ಬೇಕೆಂಬುದನ್ನು ಮೇಲೆ ನೋಡಿದೆವು. ಅದೇ ಇಲ್ಲವಾದರೆ ಆಮ್ಲ ಹುಟ್ಟುವುದು ನಿಧಾನ, ಬಿಗಿತವೂ ನಿಧಾನ. ಸರಪಳಿಗಳ ನಡುವಣ ಅಡ್ಡಬೆಸುಗೆಗಳು ಕಡಿಮೆಯಾಗಿ ಬಲವೂ ಕುಂದುತ್ತದೆ. ಈ ನಷ್ಟವನ್ನು ತುಂಬಲು ಮೆಲಮೀನ್ ಎಂಬ ದ್ರವ್ಯವನ್ನು ಸೇರಿಸುತ್ತಾರೆ; ನವಸಾಗರದ ಬದಲಿಗೆ ಅಮೋನಿಯಂ ಸಲ್ಫೇಟಿನಂತಹ ಬೇರೆ ಲವಣಗಳನ್ನೂ ಬಳಸುತ್ತಾರೆ. ಅಗ್ಗದ ಹಲಗೆ, ಶೀಘ್ರದ ತಯಾರಿಕೆ, ನಿರಪಾಯವಾದ ಗಾಳಿ ಈ ಮೂರನ್ನೂ ಒಟ್ಟಿಗೆ ಬಯಸುವವನು ಯಾವುದಾದರೊಂದಕ್ಕೆ ಬೆಲೆ ತೆರಲೇಬೇಕು. ಆ ಬೆಲೆಯನ್ನು ಕಾರ್ಮಿಕನ ಕಣ್ಣೂ ಶ್ವಾಸಕೋಶಗಳೂ ತೆರಬಾರದು.

ಬಳಸುವವರು ಅರಿಯಬೇಕಾದುದು

ಅಂಟಿನ ದೋಷ ಕಣ್ಣಿಗೆ ಕಾಣದು. ಬಹುಕಾಲದ ಮೇಲೆ ಕಾಣುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನವರು ಕಟ್ಟಿದ ಮಾಸ್ಕಿಟೋ ಎಂಬ ಯುದ್ಧವಿಮಾನ ಪದರಹಲಗೆ ಮತ್ತು ಮರಗಳಿಂದ ಆದುದು. ಆರಂಭದಲ್ಲಿ ಅದಕ್ಕೆ ಹಾಲಿನಿಂದ ತೆಗೆದ ಕೇಸೀನ್ ಅಂಟನ್ನು ಬಳಸಿ, ಆಮೇಲೆ ಯೂರಿಯದ ರಾಳಕ್ಕೆ ಬದಲಾಯಿಸಿದರು. 1944ರಲ್ಲಿ ಭಾರತದಲ್ಲಿದ್ದ ಇಂತಹ ವಿಮಾನಗಳಲ್ಲಿ ಅಂಟಿನ ಜೋಡಣೆಗಳು ಬಿಟ್ಟುಕೊಂಡಿದ್ದುವೆಂದು ತಪಾಸಣೆಯಲ್ಲಿ ಕಂಡುಬಂದು, ಹಾರಾಟವನ್ನೇ ತಡೆಹಿಡಿಯಬೇಕಾಯಿತು. ಕೂದಲೆಳೆಯಷ್ಟು ತೆಳುವಾದ ಅಂಟಿನ ಪದರವೊಂದರ ಮೇಲೆ ಮನುಷ್ಯರ ಪ್ರಾಣ ನಿಲ್ಲುವುದುಂಟು.

ವಿಮಾನದ ಮಾತು ದೊಡ್ಡದಾಯಿತು. ಶಾಲೆಯ ಬಾಗಿಲು, ವಿದ್ಯಾರ್ಥಿನಿಲಯದ ಕಪಾಟು, ಗ್ರಂಥಾಲಯದ ಮೇಜುಗಳ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಭಾರತೀಯ ಮಾನಕ ಐ.ಎಸ್. 848 ಪದರಹಲಗೆಯ ರಾಳದ ಅಂಟುಗಳನ್ನು ಅವುಗಳ ತಾಳ್ಮೆಗನುಗುಣವಾಗಿ ವಿಂಗಡಿಸುತ್ತದೆ. ಬಿ.ಡಬ್ಲ್ಯು.ಪಿ. ಎಂಬುದು ಕುದಿಯುವ ನೀರಿನಲ್ಲಿ 72 ಗಂಟೆ ನಿಲ್ಲತಕ್ಕದ್ದು, ಬಿ.ಡಬ್ಲ್ಯು.ಆರ್. ಎಂಬುದು 8 ಗಂಟೆ ನಿಲ್ಲತಕ್ಕದ್ದು, ಎಂ.ಆರ್. ಎಂಬುದು 60 ಡಿಗ್ರಿಯ ಬಿಸಿನೀರನ್ನು 3 ಗಂಟೆ ಸಹಿಸತಕ್ಕದ್ದು. ಎಂ.ಆರ್. ಸಾಮಾನ್ಯವಾಗಿ ಯೂರಿಯದ ಕುಲ. ಒಣಗಿದ ಕೋಣೆಯ ಕಪಾಟಿಗೆ ಅದು ಸಾಕು. ಮಳೆಯ ಎರಚಲು ತಾಗುವ ಬಾಗಿಲಿಗೆ, ಸ್ನಾನಗೃಹಕ್ಕೆ, ಅಡಿಗೆಮನೆಗೆ ಅದು ಸಲ್ಲದು. ಹಲಗೆಯ ಮೇಲೆ ಐ.ಎಸ್.ಐ. ಮುದ್ರೆಯ ಜೊತೆಗೆ ಈ ಅಕ್ಷರಗಳನ್ನೂ ಓದಿ ಕೊಳ್ಳುವುದು ಒಳ್ಳೆಯದು. ಅನುಮಾನ ಬಂದರೆ ಅಂಗೈಯಗಲದ ತುಂಡನ್ನು ಪಾತ್ರೆಯಲ್ಲಿ ಹಾಕಿ ಕೆಲವು ಗಂಟೆ ಕುದಿಸಿ ನೋಡಬಹುದು. ಪದರ ಬಿಚ್ಚಿಕೊಂಡರೆ ಅಂಟಿನ ಬಣ್ಣ ಬಯಲಾಯಿತೆಂದೇ ತಿಳಿಯಬೇಕು. ದಾನಿಗಳು ಕೊಟ್ಟ ಹಣದಿಂದ ಮಾಡಿಸಿದ ಪೀಠೋಪಕರಣಗಳು ಒಂದೇ ತಲೆಮಾರಿನ ಮಕ್ಕಳಿಗೆ ಮುಗಿಯುವುದೂ ಮೂರು ತಲೆಮಾರಿಗೆ ಒದಗುವುದೂ ಇಂತಹ ಸಣ್ಣ ಎಚ್ಚರಗಳನ್ನು ಅವಲಂಬಿಸಿದೆ.

ಅಂಟಿನ ತಯಾರಕನಿಗೂ, ಅದನ್ನು ಬಳಸುವ ಬಡಗಿಗೂ, ವಿದ್ಯೆ ಕಲಿಸುವ ಅಧ್ಯಾಪಕನಿಗೂ ಸಮಾನವಾದ ಪಾಠವೊಂದು ಇದರಲ್ಲಿದೆ. ತಾಳುವುದು ಗುಣ, ತ್ವರೆಯೂ ಗುಣ; ಅವೆರಡೂ ಬೇರೆ ಬೇರೆ ಹೊತ್ತಿನ ಗುಣಗಳು. ಉಗ್ರಾಣದಲ್ಲಿ ತ್ವರೆಪಟ್ಟ ರಾಳ ಕಲ್ಲಾಗಿ ಹೋಗುತ್ತದೆ. ಪ್ರೆಸ್ಸಿನಲ್ಲಿ ತಡಮಾಡಿದ ರಾಳ ಹಲಗೆಯನ್ನು ಕೆಡಿಸುತ್ತದೆ. ಹೊತ್ತನ್ನರಿತು ಬಿಗಿಕಾರಕವನ್ನು ಕೂಡಿಸುವ ಕೈಯೇ ಎರಡನ್ನೂ ಕಾಯುವಂತಹುದು. ಗುರುಪುರ, ಹುಣಸೂರುಗಳ ಶಾಲೆಗಳಲ್ಲಿ ಇಂದು ರಸಾಯನಶಾಸ್ತ್ರದ ಮೊದಲ ಪಾಠಗಳನ್ನು ಓದುತ್ತಿರುವ ಮಕ್ಕಳಲ್ಲಿ ಕೆಲವರಾದರೂ ನಾಳೆ ಈ ವಿದ್ಯೆಯನ್ನು ಕೈಗೆತ್ತಿಕೊಂಡು, ಬೇಗ ಬಿಗಿಯುವ, ಬಹುಕಾಲ ತಾಳುವ, ದುಡಿಯುವವನ ಉಸಿರನ್ನು ಸುಡದ ಅಂಟೊಂದನ್ನು ನಾಡಿಗೆ ಕೊಡುವಂತಾಗಲಿ. ಮರವಜ್ರವೆಂಬ ಹಳೆಯ ಹೆಸರು ಆಗ ಮತ್ತೊಮ್ಮೆ ಸಾರ್ಥಕವಾದೀತು.